ಹತ್ತನೇ ಕ್ಲಾಸಿನ ಹುಡುಗಿಯ ಕೈಗುಣ

ನಾನು ಹೈಸ್ಕೂಲಿನಲ್ಲಿ ಆಟೋಮೊಬೈಲ್ ಕಲಿಸುತ್ತೇನೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ. ಊರವರು ಮೇಷ್ಟ್ರೇ ಅನ್ನುತ್ತಾರೆ. ಆದರೆ ಬೇರೆ ಮೇಷ್ಟ್ರುಗಳ ಹಾಗೆ ನನ್ನದು ಸರ್ಕಾರಿ ನೌಕರಿಯಲ್ಲ. ಒಂದು ಏಜೆನ್ಸಿ ಪ್ರತಿವರ್ಷ ಕಾಂಟ್ರಾಕ್ಟ್ ಮಾಡಿ ಕಳಿಸುತ್ತದೆ. ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸಾದವನು ನಾನು. ಆಮೇಲೆ ಐಟಿಐ, ಆಮೇಲೆ ಕೊಪ್ಪದ ಒಂದು ಗ್ಯಾರೇಜು. ಅಷ್ಟು ಸಾಕು ಅಂದರು. ನನ್ನ ಮನೆ ನರಸಿಂಹರಾಜಪುರದ ಕಡೆ. ಸಿಕ್ಕಿದ ಶಾಲೆ ಶೃಂಗೇರಿಯಿಂದ ಕಿಗ್ಗಕ್ಕೆ ಹೋಗುವ ದಾರಿಯಲ್ಲಿ. ಹತ್ತಿರದಲ್ಲೇ ರೂಮು ಮಾಡಿಕೊಂಡೆ.

ನನ್ನ ಕ್ಲಾಸು ನಡೆಯುವುದು ಹಿಂದೆ ಬಿಸಿಯೂಟದ ಅಕ್ಕಿ ಇಡುತ್ತಿದ್ದ ಕೋಣೆಯಲ್ಲಿ. ಒಂದು ಹಳೇ ಸ್ಕೂಟರ್ ಇಂಜಿನ್, ಒಂದು ಗೇರ್ ಬಾಕ್ಸ್, ಸ್ಪ್ಯಾನರ್ ಸೆಟ್ಟು, ಗೋಡೆಗೆ ಚಾರ್ಟುಗಳು ಇವೆ. ನಿಜವಾಗಿ ತಿರುಗುವುದು ಅಂದರೆ ನಾನೇ ಗುಜರಿಯಿಂದ ತಂದು ಜೋಡಿಸಿದ ಮೋಟಾರು, ಎರಡು ಪುಲ್ಲಿ, ಒಂದು ಬೆಲ್ಟು. ಪುಲ್ಲಿ ಅಂದರೆ ಬೆಲ್ಟು ಕೂರುವ ಗಾಲಿ. ಎರಡು ಪುಲ್ಲಿ ಒಂದೇ ನೇರಕ್ಕೆ ಇಲ್ಲದಿದ್ದರೆ ಬೆಲ್ಟು ಹಾರುತ್ತದೆ. ನೇರ ಇದೆಯಾ ಎಂದು ನೋಡುವುದಕ್ಕೆ ಒಂದು ನೂಲು ಸಾಕು. ಎರಡೂ ಪುಲ್ಲಿಯ ಮುಖಕ್ಕೆ ಅಡ್ಡವಾಗಿ ನೂಲನ್ನು ಬಿಗಿ ಹಿಡಿಯಬೇಕು. ಎಲ್ಲಾ ಕಡೆ ತಾಗಿದರೆ ಸರಿ. ಎಲ್ಲಾದರೂ ಸಂದು ಕಂಡರೆ ಆ ಕಡೆಗೆ ಮೋಟಾರು ಸರಿಸಬೇಕು. ನಾನು ವರ್ಷದ ಮೊದಲಿಗೆ ಹೇಳಿಕೊಡುವ ಪಾಠ ಇದು. ಯಾರು ಬೇಕಾದರೂ ಮಾಡಬಹುದು.

ಹತ್ತನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಗ್ರೀಸು ಮುಟ್ಟುವುದಕ್ಕೆ ಹೇಸುತ್ತಿರಲಿಲ್ಲ. ಗಣಿತ, ಇಂಗ್ಲಿಷ್ ಎಲ್ಲ ನನ್ನ ಹಾಗೇ, ಹೇಗೋ ದಾಟಿಕೊಳ್ಳುವ ಜಾತಿ. ಅವಳಿಗೆ ಒಂದೇ ಆಸೆ. ಎಸ್ಸೆಸ್ಸೆಲ್ಸಿ ಪಾಸಾಗಬೇಕು, ಐಟಿಐ ಸೇರಬೇಕು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಬೇಕು. ಯಾವುದೋ ಡಿಪೋದಲ್ಲಿ ಖಾಕಿ ಅಂಗಿ ಹಾಕಿ ಬಸ್ಸಿನ ಟೈರು ಬಿಚ್ಚುತ್ತಿದ್ದ ಹೆಂಗಸೊಬ್ಬಳನ್ನು ನೋಡಿದ್ದಳಂತೆ.

"ಸಾರ್, ಐಟಿಐಗೆ ಎಸ್ಸೆಸ್ಸೆಲ್ಸಿ ಆಗ್ಲೇಬೇಕಾ?" ಎಂದು ಕೇಳಿದ್ದಳು.

"ಆಗ್ಲೇಬೇಕು. ನಿಂಗೆ ಬೇಕಾದ ಟ್ರೇಡಿಗೆ ಪಾಸೇ ಆಗ್ಬೇಕು."

"ಜಸ್ಟ್ ಪಾಸಾದ್ರೆ?"

"ನಾನು ಹಾಗೇ ಬಂದಿದ್ದು."

ಅದು ಕೇಳಿ ಅವಳಿಗೆ ಬಹಳ ಧೈರ್ಯ ಬಂತು.

ಅವಳ ಅಮ್ಮ ಅಡಿಕೆ ಸುಲಿಯುವ ಮಷಿನ್ನಿನ ಜೊತೆ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಕಡೆ ಮೊದಲು ಹೆಂಗಸರು ಸಾಲಾಗಿ ಕೂತು ಕತ್ತಿಯಲ್ಲಿ ಸುಲಿಯುತ್ತಿದ್ದರು. ಈಗ ಸುಲಿಯುವ ಮಷಿನ್ ಇಟ್ಟುಕೊಂಡವನೊಬ್ಬ ಅದನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಹೋಗುತ್ತಾನೆ. ಅಂಗಳದಲ್ಲಿ ಇಳಿಸಿ, ಆ ಮನೆಯ ಅಡಿಕೆ ಮುಗಿಯುವ ತನಕ ಓಡಿಸಿ, ಮತ್ತೆ ಹೇರಿಕೊಂಡು ಮುಂದಿನ ಮನೆಗೆ. ಹುಡುಗಿಯ ಅಮ್ಮ ಮಷಿನ್ನಿನ ಬಾಯಿಗೆ ಅಡಿಕೆ ಹಾಕುವವಳು. ಅಪ್ಪ ಬಾಳೆಹೊನ್ನೂರಿನ ಕಡೆ ಎಸ್ಟೇಟಿನಲ್ಲಿ ಇರುತ್ತಿದ್ದ, ಅಪರೂಪಕ್ಕೆ ಬರುತ್ತಿದ್ದ.

ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ಹುಡುಗಿ ಅಮ್ಮನ ಜೊತೆ ಹೋಗಿದ್ದಾಳೆ. ಮಷಿನ್ನಿನ ಬೆಲ್ಟು ಹಾಕಿದ ಹಾಗೆಲ್ಲ ಹಾರುತ್ತಿತ್ತಂತೆ. ಅಂಗಳ ಏರುತಗ್ಗು, ಕಾಲು ಸರಿಯಾಗಿ ಕೂರದೆ ಫ್ರೇಮು ತಿರುಚಿಕೊಂಡಿತ್ತು. ಮಷಿನ್ನಿನವನು ಬೈದುಕೊಂಡು ಬೆಲ್ಟಿಗೆ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಇವಳು ಬಾಳೆನಾರು ಸೀಳಿ ಎರಡು ಪುಲ್ಲಿಗೆ ಅಡ್ಡ ಹಿಡಿದು ನೋಡಿದಳು, ಒಂದು ಕಾಲಿನಡಿಗೆ ಹಲಗೆ ಚೂರು ಕೊಟ್ಟಳು, ಮೋಟಾರು ಸ್ವಲ್ಪ ಸರಿಸಿದಳು. ಬೆಲ್ಟು ಕೂತಿತು. ಸಂಜೆಯ ತನಕ ಹಾರಲಿಲ್ಲ.

ಸೋಮವಾರ ಬಂದು ಇದನ್ನು ಹೇಳಿದಾಗ ನನಗೆ ಆದ ಖುಷಿ ಹೇಳಿ ಪ್ರಯೋಜನವಿಲ್ಲ. ಇಡೀ ಕ್ಲಾಸಿನ ಎದುರು ನಿಲ್ಲಿಸಿ ಹೇಳಿಸಿದೆ. ಚಪ್ಪಾಳೆ ಹೊಡೆಸಿದೆ.

ಆ ವಾರದಲ್ಲೇ ಪಿಕಪ್ಪು ಶಾಲೆಯ ಗೇಟಿಗೆ ಬಂತು. ಮಷಿನ್ನಿನವನು ನಗುತ್ತ ಇಳಿದ.

"ಮೇಷ್ಟ್ರೇ, ಆ ಹುಡುಗಿನ ಒಂದರ್ಧ ದಿನ ಕಳ್ಸಿ ಮಾರಾಯ್ರೆ. ಮಷಿನ್ ಹೊಸ ಅಂಗಳಕ್ಕೆ ಇಳ್ಸಿದೀನಿ. ಬೆಲ್ಟು ನಿಲ್ತಾ ಇಲ್ಲ."

"ಶಾಲೆ ಟೈಮು. ಕಳ್ಸೋಕ್ಕಾಗಲ್ಲ."

"ಅಲ್ಲಿ ಅಡಿಕೆ ಕೊನೆ ಇಳ್ಸಿ ರಾಶಿ ಹಾಕಿದಾರೆ. ನಾಳೆಗೆ ಬಿಸಿ ಏರುತ್ತೆ. ಅಡಿಕೆ ಬಣ್ಣ ಹೋದ್ರೆ ನೀವು ಬರ್ತೀರಾ ಹೇಳೋಕೆ? ಅವಳಮ್ಮನೇ ಕಳ್ಸಿದ್ದು ನನ್ನ."

ಅವನು ಹೇಳಿದ್ದು ಸುಳ್ಳಲ್ಲ. ಇಳಿಸಿದ ಹಸಿ ಅಡಿಕೆ ಕಾಯುವುದಿಲ್ಲ. ಇಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಅರ್ಧಕ್ಕರ್ಧ ಮೇಷ್ಟ್ರುಗಳ ಮನೆಯಲ್ಲೇ ಅಡಿಕೆ ಇದೆ. ಹೆಡ್ ಮೇಡಂ ಹೊರಗೆ ಬಂದು, "ಅಮ್ಮ ಹೇಳಿದ್ರೆ ಹೋಗಿ ಬರ್ಲಿ, ಒಂದಿನ ತಾನೇ" ಅಂದರು. ಹುಡುಗಿ ಬ್ಯಾಗು ಹಾಕಿಕೊಂಡು ಪಿಕಪ್ಪು ಹತ್ತಿದಳು. ಕ್ಲಾಸಿನ ಹುಡುಗರು ಕಿಟಕಿಯಿಂದ ಶಿಳ್ಳೆ ಹಾಕಿದರು.

ಮಷಿನ್ ಎಷ್ಟು ಸಲ ಮನೆ ಬದಲಿಸಿತೋ ಅಷ್ಟು ಸಲ ಪಿಕಪ್ಪು ಬಂತು. ಆಮೇಲೆ ಶಾಲೆಗೆ ಬರುವುದನ್ನೂ ಬಿಟ್ಟಿತು, ಬೆಳಿಗ್ಗೆ ಮನೆ ಬಾಗಿಲಿಂದಲೇ ಕರೆದುಕೊಂಡು ಹೋಗುತ್ತಿತ್ತು. ಅರ್ಧ ದಿನ ಅಂದದ್ದು ಇಡೀ ದಿನವಾಯಿತು. ಹೋದವಳು ಸುಮ್ಮನೆ ಕೂರುವುದು ಯಾಕೆ ಎಂದು ಅಮ್ಮನ ಜೊತೆ ಅಡಿಕೆಯನ್ನೂ ಹಾಕತೊಡಗಿದಳು.

ನಾನು ಒಂದು ಭಾನುವಾರ ಮಷಿನ್ ಇದ್ದ ಮನೆಗೆ ಹೋದೆ. ಮಷಿನ್ನಿನವನಿಗೇ ನೂಲು ಹಿಡಿಯುವುದು ಕಲಿಸಿಬಿಟ್ಟರೆ ಆಯಿತು, ಹುಡುಗಿಯ ಹಂಗು ಬೇಡ ಎಂದು ನನ್ನ ಲೆಕ್ಕ. ಜೇಬಿನಲ್ಲಿ ನೂಲಿನ ಉಂಡೆಯನ್ನೂ ಇಟ್ಟುಕೊಂಡಿದ್ದೆ.

ಅವನು ಕೇಳಿದ. ಬಗ್ಗಿ ನೋಡಿದ. ನಾನು ಹೇಳಿದ ಹಾಗೇ ನೂಲು ಹಿಡಿದು ಮೋಟಾರು ಸರಿಸಿದ. ಸರಿಯಾಗಿಯೇ ಮಾಡಿದ. ಮಷಿನ್ ಹಾಕಿದೆವು. ಸ್ವಲ್ಪ ಹೊತ್ತು ಓಡಿತು. ಆಮೇಲೆ ಒದ್ದೆ ಸಿಪ್ಪೆ ಒಂದು ಹಿಡಿ ಹೋಗಿ ಪುಲ್ಲಿಗೆ ಸಿಕ್ಕಿಕೊಂಡು ಬೆಲ್ಟು ಟಪ್ ಎಂದು ಹಾರಿತು.

"ನೋಡಿದ್ರಾ" ಅಂದ ಅವನು.

"ಅದು ಸಿಪ್ಪೆ ಸಿಕ್ಕಿದ್ದು. ನೇರ ಸರಿ ಇದೆ."

"ಅವಳು ಮಾಡ್ದಾಗ ಸಿಪ್ಪೆ ಸಿಕ್ಕಲ್ಲ."

"ಯಾರು ಮಾಡಿದ್ರೂ ಸಿಪ್ಪೆ ಸಿಕ್ಕುತ್ತೆ ಮಾರಾಯ. ಪುಲ್ಲಿಗೆ ಮುಚ್ಚಳ ಹಾಕಿಲ್ಲ ನೀನು."

"ಮೇಷ್ಟ್ರೇ, ನೀವು ಓದಿದೋರು, ನಿಮ್ಗೆ ಗೊತ್ತಾಗಲ್ಲ. ಇದು ಕೈಗುಣ."

ನನ್ನನ್ನು ಓದಿದವನು ಅಂದದ್ದು ಅವನೊಬ್ಬನೇ.

ಹುಡುಗಿಯನ್ನು ಕರೆದ. ಅವಳು ಸಿಪ್ಪೆ ಕಿತ್ತು ಬಿಸಾಡಿ, ನಾರು ಹಿಡಿದು ನೋಡಿ, ಏನೂ ಸರಿಸದೆ ಬೆಲ್ಟು ಹಾಕಿದಳು. ಸರಿಸುವುದಕ್ಕೆ ಏನೂ ಇರಲಿಲ್ಲ, ಅವನೇ ಮಾಡಿಟ್ಟಿದ್ದ. ಆಮೇಲೆ ಮಷಿನ್ ಮಧ್ಯಾಹ್ನದ ಊಟದ ತನಕ ನಿಲ್ಲದೆ ಓಡಿತು. ಅಂಗಳದಲ್ಲಿದ್ದವರೆಲ್ಲ ನನ್ನ ಮುಖ ನೋಡಿ ನಕ್ಕರು. ಮನೆ ಯಜಮಾನರು, "ಕೂತ್ಕೊಳಿ ಮೇಷ್ಟ್ರೇ, ಕಾಫಿ ಕುಡೀರಿ, ಬಿಸಿಲಿಗೆ ಬಂದೀರಿ" ಅಂದರು.

ಕೈಗುಣ ಅನ್ನುವ ಮಾತು ಒಮ್ಮೆ ಬಾಯಿಗೆ ಬಿದ್ದರೆ ತೀರಿತು. ನಮ್ಮ ಕಡೆ ಮದ್ದು ಕೊಡುವವರಿಗೆ ಕೈಗುಣ, ಸಸಿ ನೆಡುವವರಿಗೆ ಕೈಗುಣ, ಮೊಸರಿಗೆ ಹೆಪ್ಪು ಹಾಕುವವರಿಗೂ ಕೈಗುಣ. ಈಗ ಬೆಲ್ಟಿಗೂ ಬಂತು. ತೋಟದವರು ಫೋನು ಮಾಡಿ, "ಆ ಹುಡುಗಿ ಬರ್ತಾಳಾ? ಬರ್ತಾಳಾದ್ರೆ ಮಷಿನ್ ತಗೊಂಬಾ" ಎಂದು ಕೇಳುವುದಕ್ಕೆ ಶುರು ಮಾಡಿದರು. ಹೊಸ ಅಂಗಳದಲ್ಲಿ ಮೊದಲ ಬೊಗಸೆ ಅಡಿಕೆಯನ್ನೂ ಅವಳೇ ಹಾಕಬೇಕು ಎಂದಾಯಿತು. ಒಂದು ಮನೆಯಲ್ಲಿ ಅವಳ ಕೈಗೆ ಅರಿಶಿನ ಕುಂಕುಮವನ್ನೂ ಕೊಟ್ಟರಂತೆ.

ಅವಳ ಅಮ್ಮನಿಗೆ ಇದರಿಂದ ಮರ್ಯಾದೆ ಬಂತು. ಅಷ್ಟು ವರ್ಷ ಅಂಗಳದ ಮೂಲೆಯಲ್ಲಿ ಸಿಪ್ಪೆಯ ರಾಶಿ ಪಕ್ಕ ಊಟ ಮಾಡುತ್ತಿದ್ದವಳನ್ನು ಈಗ ಜಗಲಿಗೆ ಕರೆದು ಬಡಿಸುತ್ತಿದ್ದರು. ಅದನ್ನು ನನಗೆ ಹೇಳುವಾಗ ಅವಳ ದನಿಯೇ ಬೇರೆಯಾಗಿತ್ತು. ನಾನು ಅವಳ ಎದುರು ಶಾಲೆ, ಹಾಜರಿ ಎಂದು ಏನು ಹೇಳುವುದು?

ಹುಡುಗಿಯ ಹತ್ತಿರವೇ ಹೇಳಿದೆ. ಅವಳು ಬಂದ ದಿನಗಳಲ್ಲಿ ಒಂದು ದಿನ ಕ್ಲಾಸಿನ ನಂತರ ನಿಲ್ಲಿಸಿಕೊಂಡೆ.

"ನೀನೇ ಬರಲ್ಲ ಅನ್ನು."

"ಹೇಳ್ದೆ ಸಾರ್. ಅಮ್ಮ ಅತ್ತಳು."

"ಡಿಪೋ ಬೇಡ್ವಾ ನಿಂಗೆ?"

"ಬೇಕು ಸಾರ್. ಪರೀಕ್ಷೆ ಟೈಮಿಗೆ ಕೊಯ್ಲು ಮುಗ್ದಿರುತ್ತಲ್ಲ, ಆಗ ಓದ್ತೀನಿ."

ಅವಳಿಗೆ ಪರೀಕ್ಷೆಯದ್ದೇ ಹೆದರಿಕೆ ಇತ್ತು. ಪರೀಕ್ಷೆಗೆ ಕೂರುವುದಕ್ಕೇ ಹಾಜರಿ ಬೇಕು ಅನ್ನುವುದು ತಲೆಗೆ ಹೋಗಿರಲಿಲ್ಲ. ಹೇಳಿದೆ. "ಮೇಡಂ ಹಾಕ್ತಾರೆ ಬಿಡಿ ಸಾರ್" ಅಂದಳು. ಅವಳ ಅಕ್ಕನ ಕಾಲದಲ್ಲಿ ಹಾಗೇ ಆಗಿತ್ತಂತೆ. ಕೊಯ್ಲಿನಲ್ಲಿ ಬಾರದವರಿಗೆಲ್ಲ ಮೇಷ್ಟ್ರುಗಳು ಪೆನ್ನಿನಲ್ಲಿ ಹಾಜರಿ ಹಾಕಿ ಪರೀಕ್ಷೆಗೆ ಕೂರಿಸಿದ್ದರು.

ನಮ್ಮ ಶಾಲೆಯಲ್ಲಿ ಈಗ ಹಾಜರಿ ಮೊಬೈಲಿನಲ್ಲಿ. ಮಕ್ಕಳ ಮುಖದ ಫೋಟೋ ತೆಗೆಯುತ್ತಾರೆ, ಅದು ಆಗಲೇ ಮೇಲಿನ ಆಫೀಸಿಗೆ ಹೋಗಿಬಿಡುತ್ತದೆ. ಮುಖ ಇಲ್ಲದಿದ್ದರೆ ಹಾಜರಿ ಇಲ್ಲ.

ಆಮೇಲೆ ಒಂದು ಉಪಾಯ ಮಾಡಿದೆ. ಮಷಿನ್ ಮನೆ ಬದಲಿಸುವ ದಿನ ನಾನೇ ಹೋಗಿ ಕೂರಿಸಿ ಬರುತ್ತೇನೆ, ಹುಡುಗಿಯನ್ನು ಕರೆಯಬೇಡ ಎಂದು ಮಷಿನ್ನಿನವನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು ಒಪ್ಪಿದ. ಒಂದು ಬೆಳಿಗ್ಗೆ ಫೋನು ಮಾಡಿದ. ನಾನು ಬೈಕಿನಲ್ಲಿ ಹೋಗಿ ಕೂರಿಸಿ ವಾಪಸ್ ಬರುವಷ್ಟರಲ್ಲಿ ನನ್ನ ಪೀರಿಯಡ್ಡು ಮುಗಿದಿತ್ತು. ಏಜೆನ್ಸಿಗೆ ಪ್ರತಿ ಪೀರಿಯಡ್ಡಿನ ಫೋಟೋ ಕಳಿಸಬೇಕು, ಜಾಗ, ಟೈಮು ಎಲ್ಲ ಅದರಲ್ಲೇ ಬರುತ್ತದೆ. ಅವತ್ತು ಫೋಟೋ ಹೋಗಲಿಲ್ಲ. ಸಂಜೆಗೆ ಏಜೆನ್ಸಿಯವನ ಫೋನು, ಮರುದಿನ ಹೆಡ್ ಮೇಡಂ ಕೋಣೆಗೆ ಕರೆದರು.

"ನೋಡಿ ಇವ್ರೇ, ನಿಮ್ಮನ್ನ ತೆಗೆದ್ರೆ ಈ ಮಕ್ಕಳಿಗೆ ಪಾಠ ಮಾಡೋರು ಯಾರು? ಹೊಸಬ್ರು ಬರೋದು ಯಾವಾಗ್ಲೋ. ಒಬ್ಳಿಗೋಸ್ಕರ ಎಲ್ಲರ ಪ್ರಾಕ್ಟಿಕಲ್ ಹಾಳು ಮಾಡ್ಬೇಡಿ."

ಅದೂ ಸರಿಯೇ. ನಾನು ಸಿಟ್ಟು ಮಾಡಿಕೊಳ್ಳುವುದಕ್ಕೆ ಒಬ್ಬ ಕೆಟ್ಟವನೂ ಸಿಗಲಿಲ್ಲ. ಆ ಅಂಗಳದಲ್ಲೂ ಏನಾಯಿತು ಅಂದರೆ, ನಾನು ಕೂರಿಸಿದ ಮಷಿನ್ ಚೆನ್ನಾಗಿಯೇ ಓಡಿತು. ಆದರೂ ಆ ಮನೆಯವರು, "ಹುಡುಗಿ ಎಲ್ಲಿ? ಮೊದಲ ಬೊಗಸೆ ಹಾಕೋರು ಯಾರು?" ಎಂದು ಕೇಳಿ ಮಧ್ಯಾಹ್ನ ಪಿಕಪ್ಪು ಕಳಿಸಿ ಕರೆಸಿಕೊಂಡರು.

ಹೊಸ ವರ್ಷ ಬಂದಾದ ಮೇಲೆ ಹಾಜರಿ ಕಡಿಮೆ ಇದ್ದವರ ವಿಷಯ ಬಂತು. ಶಾಲೆಯಲ್ಲಿ ಅವಳೊಬ್ಬಳೇ. ಹೆಡ್ ಮೇಡಂ ನಿಜವಾಗಿಯೂ ಕಂಗಾಲಾದರು. ಅವಳು ಪರೀಕ್ಷೆಗೆ ಕೂರುವುದಿಲ್ಲ ಅಂದರೆ ಅವರಿಗೂ ಮೇಲಿನವರಿಗೆ ಉತ್ತರ ಹೇಳಬೇಕು. ಒಂದು ದಾರಿ ಅವರೇ ಹೇಳಿದರು. ಹುಷಾರಿರಲಿಲ್ಲ ಎಂದು ಡಾಕ್ಟರ ಸರ್ಟಿಫಿಕೇಟು ತಂದರೆ ವಿನಾಯಿತಿ ಕೇಳಬಹುದು. ಜಾಂಡೀಸ್ ಅಂತಲೋ ಏನೋ. ಪರಿಚಯದ ಡಾಕ್ಟರ ಹತ್ತಿರ ಅವರೇ ಮಾತಾಡುವುದಕ್ಕೂ ತಯಾರಿದ್ದರು. ಅಮ್ಮ ಬಂದು ಒಂದು ಸಹಿ ಹಾಕಿದರೆ ಸಾಕು.

ನಾನು ಅವತ್ತೇ ಸಂಜೆ ಅವರ ಮನೆಗೆ ಹೋದೆ. ಅಮ್ಮ ಬಟ್ಟೆ ಒಗೆದು ಹಾಕುತ್ತಿದ್ದಳು. ಎಲ್ಲ ಹೇಳಿದೆ. ಸಹಿ ಮಾಡಿದರೆ ಹುಡುಗಿ ಪರೀಕ್ಷೆಗೆ ಕೂರುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದೂ ಹೇಳಿದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ನಿಂತಳು.

"ಕಾಯಿಲೆ ಅಂತ ಬರ್ಸೋದಾ ಸಾರ್?"

"ಸುಮ್ನೆ. ಕಾಗದದಲ್ಲಿ ಅಷ್ಟೇ."

"ಹೆಣ್ಣು ಹುಡುಗಿಗೆ? ತಿಂಗ್ಳುಗಟ್ಟಲೆ ಕಾಯಿಲೆ ಇತ್ತು ಅಂತ?"

"ಯಾರಿಗೂ ಗೊತ್ತಾಗಲ್ಲಮ್ಮ."

"ಡಾಕ್ಟ್ರಿಗೆ ಗೊತ್ತು, ಮೇಡಂಗೆ ಗೊತ್ತು, ನಿಮ್ಗೆ ಗೊತ್ತು. ಇನ್ನೆಷ್ಟು ಜನಕ್ಕೆ ಗೊತ್ತಾಗ್ಬೇಕು? ನಾಳೆ ಯಾರಾದ್ರೂ ಹೆಣ್ಣು ಕೇಳೋಕೆ ಬಂದ್ರೆ ಎಂತ ಹೇಳ್ಲಿ? ಕಾಯಿಲೆ ಕೈಯಲ್ಲಿ ಮಷಿನ್ ಮುಟ್ಸಿದ್ರು ಅಂತ ತೋಟದೋರು ಅನ್ನಲ್ವಾ? ಕಾಮಾಲೆ ಕೈಯಲ್ಲಿ ಹಾಕಿದ ಅಡಿಕೆ ಅಂತ ಅನ್ನಲ್ವಾ?"

"ಅವಳು ಅಷ್ಟು ದಿನ ಎಲ್ಲಿದ್ಲು ಅಂತ ಇಡೀ ಊರಿಗೇ ಗೊತ್ತಲ್ಲಮ್ಮ. ಯಾರೂ ನಂಬಲ್ಲ ಅದನ್ನ."

"ಯಾರೂ ನಂಬ್ದೇ ಇರೋದನ್ನ ಯಾಕೆ ಬರ್ಸೋದು ಹಾಗಾದ್ರೆ?"

ಹುಡುಗಿ ಒಳಗಿಂದ, "ಅಮ್ಮಾ, ಹಾಕು, ಎಂತ ಆಗಲ್ಲ" ಎಂದಳು. ಅಮ್ಮ ತಿರುಗಿ ಕೂಡ ನೋಡಲಿಲ್ಲ. ಅಪ್ಪನಿಗೆ ಫೋನು ಮಾಡಿಸಿದೆ. ಅವನು ಆ ಕಡೆಯಿಂದ, "ಅವಳಮ್ಮ ಹೇಳ್ದಂಗೆ ಸಾರ್, ನಂಗೆ ಅದೆಲ್ಲ ಗೊತ್ತಾಗಲ್ಲ" ಎಂದು ಇಟ್ಟ. ಹೆಡ್ ಮೇಡಂ ಕೂಡ ಮರುದಿನ ಹೋಗಿ ಕೇಳಿಕೊಂಡರು. ಅವರಿಗೆ ಮಣೆ ಹಾಕಿ ಕೂರಿಸಿ, ಕಾಫಿ ಕೊಟ್ಟು, ಕಾಯಿಲೆ ಎಂದು ಬರೆಸುವುದಿಲ್ಲ ಎಂದೇ ಕಳಿಸಿದಳು.

ಹಾಲ್ ಟಿಕೆಟ್ ಬಂದ ದಿನ ಅವಳದ್ದು ಇರಲಿಲ್ಲ. ಹುಡುಗಿ ಶಾಲೆಗೆ ಬಂದಿದ್ದಳು, ಕೊನೆಗೆ ಬರಬಹುದೇನೋ ಎಂದು. ಎಲ್ಲರೂ ತಮ್ಮ ತಮ್ಮ ಫೋಟೋ ನೋಡಿ ನಗುತ್ತಿದ್ದರು. ಇವಳೂ ಪಕ್ಕದವಳ ಫೋಟೋ ನೋಡಿ, "ಕಳ್ಳಿ ತರ ಇದೀಯಲ್ಲೇ" ಎಂದು ನಕ್ಕಳು. ಆಮೇಲೆ ನನ್ನ ಕೋಣೆಗೆ ಬಂದು ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ಜೋಡಿಸಿಟ್ಟು ಹೋದಳು.

ನಾನು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ, ಬೇರೆ ಏನಾದರೂ ಆಗುತ್ತದಾ ಎಂದು ಕೇಳುವುದಕ್ಕೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕೂರಿಸಿ ಹೇಳಿದರು.

"ಮುಂದಿನ ವರ್ಷ ಖಾಸಗಿಯಾಗಿ ಕಟ್ಬಹುದು. ಹಾಜರಿ ಗೀಜರಿ ಎಂತ ಬೇಡ."

ನನಗೆ ಜೀವ ಬಂದ ಹಾಗಾಯಿತು.

"ಆದ್ರೆ ನಿಮ್ಮ ಸಬ್ಜೆಕ್ಟು ಇರಲ್ಲ" ಅಂದರು. "ಅದು ಶಾಲೆಗೆ ಹೋಗೋರಿಗೆ ಮಾತ್ರ. ಪ್ರಾಕ್ಟಿಕಲ್ ಇದೆಯಲ್ಲ. ಖಾಸಗಿಯವ್ರು ಅದ್ರ ಬದ್ಲು ಹಿಂದಿ ಬರೀಬೇಕು."

ನಮ್ಮ ಶಾಲೆಯಲ್ಲಿ ಒಂಬತ್ತಕ್ಕೆ ಬಂದ ಮಕ್ಕಳೆಲ್ಲ ಹಿಂದಿ ಬಿಟ್ಟು ಆಟೋಮೊಬೈಲಿಗೆ ಬರುತ್ತಾರೆ. ಅವಳಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಸಬ್ಜೆಕ್ಟು. ಅದನ್ನು ತೆಗೆದು, ಎಂಟನೇ ಕ್ಲಾಸಿಗೆ ಮರೆತು ಬಿಟ್ಟದ್ದನ್ನು ಬರೆಯಬೇಕು. ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಅದನ್ನೇ ಹೇಳಿದರು.

ಇದನ್ನು ಅವಳಿಗೆ ಹೇಳುವುದಕ್ಕೆ ಹೋದಾಗ ಮಷಿನ್ ಸಿರಿಮನೆಯ ಕಡೆ ಒಂದು ಮನೆಯಲ್ಲಿತ್ತು. ಆ ವರ್ಷದ ಕೊನೇ ಅಂಗಳ. ಹೋಗುವಾಗ ಹಿಂದಿ ಮೇಡಂ ಹತ್ತಿರ ಹತ್ತನೆಯ ಪುಸ್ತಕ ಕೇಳಿ ತೆಗೆದುಕೊಂಡೆ. ಸಂಜೆ ಟ್ಯೂಷನ್ ಹೇಳುತ್ತೀರಾ ಎಂದು ಕೇಳಿದ್ದಕ್ಕೆ ಅವರು, "ನನ್ ಬಸ್ಸು ನಾಲ್ಕೂವರೆಗೆ ಕಣ್ರಿ, ಅದು ಬಿಟ್ರೆ ಇಲ್ಲ" ಅಂದಿದ್ದರು.

ಚಹಾದ ಹೊತ್ತು. ಮಷಿನ್ ನಿಲ್ಲಿಸಿದ್ದರು. ಹುಡುಗಿ ಪುಸ್ತಕ ತಿರುವಿ ನೋಡಿದಳು.

"ನಿಮ್ಗೆ ಬರುತ್ತಾ ಸಾರ್ ಹಿಂದಿ?"

"ಅಕ್ಷರ ಓದ್ತೀನಿ. ಅರ್ಥ ಆಗಲ್ಲ."

"ಪಾಸ್ ಹೇಗಾದ್ರಿ ಮತ್ತೆ?"

"ಪ್ರಶ್ನೆನೇ ಉತ್ತರದ ಜಾಗದಲ್ಲಿ ಬರ್ದೆ. ಎರಡನೇ ಸಲ ಪಾಸ್ ಮಾಡಿ ಬಿಟ್ರು."

ಅವಳ ಅಮ್ಮನೂ ನಕ್ಕಳು. ಮಷಿನ್ನಿನವನಿಗೆ ಉತ್ಸಾಹ ಬಂತು. ಆ ತಿಂಗಳು ಅವನ ಹತ್ತಿರ ಜಾರ್ಖಂಡದವನೊಬ್ಬ ಸಿಪ್ಪೆ ಹೊರುವ ಕೆಲಸಕ್ಕೆ ಸೇರಿದ್ದ. "ಇವ್ನಿದಾನಲ್ಲ! ದಿನಾ ಹಿಂದಿನೇ ಮಾತಾಡೋದು ಅವ್ನು. ಬಾರೋ ಭೈಯಾ ಇಲ್ಲಿ" ಎಂದು ಕರೆದ.

ಅವನು ಲೋಟ ಹಿಡಿದುಕೊಂಡು ಬಂದು ನಮ್ಮ ಪಕ್ಕ ಕುಕ್ಕರುಗಾಲಲ್ಲಿ ಕೂತ. ಪುಸ್ತಕ ಕೊಟ್ಟರೆ ತೆಗೆದುಕೊಳ್ಳಲಿಲ್ಲ, ಓದು ಬರುವುದಿಲ್ಲ ಎಂದು ಕೈ ಅಲ್ಲಾಡಿಸಿದ. ಸರಿ, ನಾನು ಓದುತ್ತೇನೆ, ನೀನು ಅರ್ಥ ಹೇಳು ಎಂದು ಸನ್ನೆಯಲ್ಲೇ ಗೊತ್ತು ಮಾಡಿಕೊಂಡೆವು. ಮೊದಲನೆಯ ಪಾಠವೇ ಪದ್ಯ. ನಾನು ಒಂದೊಂದೇ ಅಕ್ಷರ ಕೂಡಿಸಿ ಎರಡು ಸಾಲು ಓದಿದೆ. ಅವನು ಕಣ್ಣು ಸಣ್ಣ ಮಾಡಿ ಕೇಳಿದ. ಇನ್ನೊಮ್ಮೆ ಓದು ಎಂದು ಬೆರಳು ತೋರಿಸಿದ. ಓದಿದೆ. ಅವನು ಬಹಳ ಹೊತ್ತು ಯೋಚನೆ ಮಾಡಿ, ನಾಚಿಕೊಂಡು ಏನೋ ಅಂದ.

"ಎಂತ ಅಂದ ಸಾರ್?"

"ಅವ್ರ ಊರಲ್ಲಿ ಹೀಗೆ ಮಾತಾಡಲ್ಲ ಅಂದ ಹಾಗಿತ್ತು. ಅವನಿಗೂ ಅರ್ಥ ಆಗ್ಲಿಲ್ಲ ಅನ್ಸುತ್ತೆ."

ಮಷಿನ್ನಿನವನು ತೊಡೆ ತಟ್ಟಿಕೊಂಡು ನಕ್ಕ. ಅಮ್ಮ ಚಹಾದ ಲೋಟಗಳನ್ನು ತೊಳೆಯುವುದಕ್ಕೆ ಎತ್ತಿಕೊಂಡು ಹೋದಳು. ಹುಡುಗಿ ಎದ್ದು ಹೋಗಲಿಲ್ಲ. ಪುಸ್ತಕದ ಕಡೆಗೇ ನೋಡುತ್ತಿದ್ದಳು.

"ಮುಂದಿನ ಸಾಲು ಓದಿ ಸಾರ್" ಅಂದಳು.

ಓದಿದೆ.